ಪಕ್ಕದವಳು ಹೇಳಬೇಕು

ಪೀಣ್ಯದಲ್ಲಿ ಸ್ವೆಟರ್

ಇಂಗ್ಲೆಂಡಿಗೆ ಹೊರಟವರು ಮೊದಲು ಸ್ವೆಟರ್ ಕೊಳ್ಳಲು ಓಡುತ್ತಾರೆ. ನನಗೆ ಆ ತಾಪತ್ರಯ ಇರಲಿಲ್ಲ. ಎಂಬತ್ತರ ದಶಕದ ಮೊದಮೊದಲ ವರ್ಷಗಳ ಮಾತಿದು. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಲೇತುಗಳಿದ್ದ ಶೆಡ್ಡು ಕಾದ ಕಾವಲಿಯಂತಿದ್ದರೂ ಕಂಪ್ಯೂಟರ್ ಕೋಣೆ ಮಾತ್ರ ಕೊರೆಯುತ್ತಿತ್ತು. ಯಂತ್ರಕ್ಕೆ ಸೆಕೆಯಾಗಬಾರದು, ಮನುಷ್ಯರಿಗೆ ಚಳಿಯಾದರೆ ಪರವಾಗಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ನಾನು ಸ್ವೆಟರ್ ಹಾಕಿಕೊಂಡೇ ಕ್ಯಾಂಟೀನಿಗೆ ಹೋದರೆ, "ಏನ್ ಮೇಡಂ, ಊಟಿಯಿಂದ ಈಗ್ ತಾನೇ ಇಳಿದ್ರಾ?" ಎಂದು ಊಟದ ಸಾಲಿನಲ್ಲಿದ್ದವರು ಕಾಲೆಳೆಯುತ್ತಿದ್ದರು.

ಆ ಕೋಣೆಗೆ ಇನ್ನೊಂದು ನಿಯಮವಿತ್ತು. ಧೂಳು ಒಳಗೆ ಹೋಗಬಾರದೆಂದು ಎಲ್ಲರೂ ಬಾಗಿಲ ಹೊರಗೇ ಚಪ್ಪಲಿ ಬಿಡಬೇಕು. ಗಂಡಸರ ಬೂಟುಗಳ ಸಾಲಿನ ಕೊನೆಯಲ್ಲಿ ಹೆಂಗಸರ ಚಪ್ಪಲಿ ಒಂದೇ ಜೊತೆ ಇರುತ್ತಿತ್ತು. ಅದು ನನ್ನದು. ಪ್ರೋಗ್ರಾಮರ್ ಗಿರಿಜಾ ಇವತ್ತು ಬಂದಿದ್ದಾಳೋ ಇಲ್ಲವೋ ಎಂದು ತಿಳಿಯಲು ಯಾರೂ ಒಳಗೆ ಇಣುಕಬೇಕಿರಲಿಲ್ಲ, ನೆಲ ನೋಡಿದರೆ ಸಾಕಿತ್ತು.

ಉಳಿದ ಹುಡುಗಿಯರೆಲ್ಲ ಪಕ್ಕದ ಪಂಚಿಂಗ್ ರೂಮಿನಲ್ಲಿ. ಬಿ.ಎಸ್ಸಿ. ಮುಗಿಸಿ ನಾನೂ ಮೊದಲು ಸೇರಿದ್ದು ಅಲ್ಲಿಗೇ. ಪ್ರೋಗ್ರಾಮ್ ಬರೆಯುವುದನ್ನು ಕಲಿತು ಕಂಪ್ಯೂಟರ್ ಕೋಣೆಗೆ ಹೋದದ್ದು ಆಮೇಲೆ. ಆಗೆಲ್ಲ ಕಂಪ್ಯೂಟರಿಗೆ ಏನು ಹೇಳಬೇಕಿದ್ದರೂ ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆದು ಹೇಳಬೇಕಿತ್ತು. ಒಬ್ಬಳು ಕಾರ್ಡು ಹೊಡೆಯುತ್ತಾಳೆ. ಪಕ್ಕದವಳು ಅದೇ ಕಾರ್ಡನ್ನು ಇನ್ನೊಂದು ಯಂತ್ರಕ್ಕೆ ಹಾಕಿ ಅದೇ ಅಂಕಿಗಳನ್ನು ಮತ್ತೆ ಒತ್ತಿ ನೋಡುತ್ತಾಳೆ. ಎರಡೂ ತಾಳೆಯಾದರೆ ಕಾರ್ಡು ಮುಂದೆ ಹೋಗುತ್ತದೆ, ಇಲ್ಲದಿದ್ದರೆ ಕೆಂಪು ದೀಪ ಹತ್ತಿ ಯಂತ್ರ ನಿಂತುಬಿಡುತ್ತದೆ. ಇದಕ್ಕೆ ವೆರಿಫೈ ಮಾಡುವುದು ಎನ್ನುತ್ತಿದ್ದೆವು. ಪಕ್ಕದವಳು ವೆರಿಫೈ ಮಾಡದ ಕಾರ್ಡನ್ನು ಕಂಪ್ಯೂಟರ್ ಕೋಣೆಯವರು ಕೈಯಲ್ಲೂ ಮುಟ್ಟುತ್ತಿರಲಿಲ್ಲ.

ಪಂಚಿಂಗ್ ರೂಮಿಗೆ ಹಿರಿಯಳು ನಾಗರತ್ನಮ್ಮ. ಬಾಗಲಗುಂಟೆಯ ಹಳೇ ಒಕ್ಕಲು ಮನೆತನದವರು. ಅವರ ಮನೆಯ ರಾಗಿ ಹೊಲವಿದ್ದ ಜಾಗದಲ್ಲೇ ನಮ್ಮ ಕಾರ್ಖಾನೆಯ ಸೈಕಲ್ ಸ್ಟ್ಯಾಂಡು ಎದ್ದಿತ್ತು. ನಾನು ಸೇರಿದ ದಿನ ಕೀಲಿಗಳ ಮೇಲೆ ಬೆರಳಿಡುವುದನ್ನು ಹೇಳಿಕೊಟ್ಟವರು ಅವರೇ.

ಹೀಗಿರುವಾಗ ಹೊಸ ಕಂಪ್ಯೂಟರ್ ಬರುವುದೆಂದು ಗೊತ್ತಾಯಿತು. ಇನ್ನು ಕಾರ್ಡು ಇಲ್ಲ, ಟಿವಿಯಂಥ ಪರದೆಯ ಮುಂದೆ ಕೂತು ನೇರವಾಗಿ ಒತ್ತುವುದು. ಕಾರ್ಡು ಇಲ್ಲದ ಮೇಲೆ ಪಂಚಿಂಗ್ ರೂಮು ಯಾಕೆ? ನಮ್ಮ ಮ್ಯಾನೇಜರ್ ಶೇಷಾದ್ರಿ ಸಾರ್ ಕೆಟ್ಟವರಲ್ಲ. ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆದು, "ಹೊಸ ಮೆಷಿನ್‌ಗೆ ಪ್ರೋಗ್ರಾಮರ್‌ಗಳು ಬೇಕು. ನಿಮಗೇನೇನು ಗೊತ್ತು ಹೇಳಿ" ಎಂದು ಕೇಳಿದರು. ಒಬ್ಬೊಬ್ಬರೂ ಸೆರಗಿನ ತುದಿ ಸುತ್ತುತ್ತಾ, "ಏನಿಲ್ಲ ಸಾರ್, ಬರೀ ಪಂಚಿಂಗ್" ಎಂದು ಹೇಳಿ ಎದ್ದು ಬಂದರು. ನಾಗರತ್ನಮ್ಮನೂ ಅಷ್ಟೇ.

"ನೋಡಿದ್ರಾ ಗಿರಿಜಾ? ಅವರೇ ಏನೂ ಗೊತ್ತಿಲ್ಲ ಅಂತಾರೆ," ಎಂದರು ಸಾರ್. "ಟ್ರೈನಿಗಳನ್ನ ಹೊರಗಿಂದ ತಗೊಳ್ಳೋಣ. ಇವ್ರಿಗೆ ಪ್ಯಾಕಿಂಗ್ ಸೆಕ್ಷನ್ ಇದೆಯಲ್ಲ."

ಹೊಸ ಯಂತ್ರ ಕಲಿಯಲು ಇಂಗ್ಲೆಂಡಿಗೆ ಹೋಗಬೇಕಾಗಿದ್ದವರು ಸಾರ್ ಅವರೇ. ಅವರ ಮಗಳ ಮದುವೆಯ ಮುಹೂರ್ತ ಅದೇ ತಿಂಗಳಿಗೆ ಬಿದ್ದದ್ದರಿಂದ ಅವರ ಬದಲಿಗೆ ನನ್ನ ಹೆಸರು ಹೋಯಿತು. ಹೊರಡುವ ದಿನ ಕೇಳಿಯೇ ಬಿಟ್ಟೆ. "ನಾನು ವಾಪಸ್ ಬಂದ್ಮೇಲೆ ಇನ್ನೊಂದ್ಸಲ ಇಂಟರ್‌ವ್ಯೂ ಮಾಡಿ ಸಾರ್. ಅಲ್ಲೀವರೆಗೂ ಯಾರನ್ನೂ ಪ್ಯಾಕಿಂಗಿಗೆ ಕಳಿಸ್ಬೇಡಿ."

"ಆಗ್ಲಮ್ಮ. ಆದ್ರೆ ಬಾಯಿ ಬಿಟ್ಟು ಹೇಳ್ಬೇಕು. ನಾನೇನು ಜ್ಯೋತಿಷಿ ಅಲ್ಲ."

ಆ ಯಂತ್ರದ ಜೊತೆಗೆ ಈ ಹುಡುಗಿಯರ ಬಾಯಿ ತೆರೆಸುವ ದಾರಿಯನ್ನೂ ಕಲಿತೇ ಬರುತ್ತೇನೆಂದು ಹಟ ತೊಟ್ಟು ವಿಮಾನ ಹತ್ತಿದೆ. ಅದನ್ನು ಎಲ್ಲಿ ಕಲಿಸುತ್ತಾರೆಂದು ಮಾತ್ರ ಗೊತ್ತಿರಲಿಲ್ಲ.

ಮಿಸೆಸ್ ಹೋಲ್ಟ್ ಅವರ ಮನೆ

ತರಬೇತಿ ಇದ್ದದ್ದು ಮ್ಯಾಂಚೆಸ್ಟರಿನ ಹೊರವಲಯದಲ್ಲಿ. ಕೆಂಪು ಇಟ್ಟಿಗೆಯ ಗೋಡೆಗಳು, ಚಿಮಣಿಗಳು, ಪಾಳಿ ಬಿಟ್ಟಾಗ ಗೇಟಿನಿಂದ ಹೊರಬೀಳುವ ಸೈಕಲ್ಲುಗಳು. ಇಂಗ್ಲೆಂಡೆಂದರೆ ಅರಮನೆ, ಹೂದೋಟ ಎಂದುಕೊಂಡು ಹೋದ ನನಗೆ ಪೀಣ್ಯಕ್ಕೇ ಮಂಜು ಮುಸುಕಿದ ಹಾಗೆ ಕಂಡಿತು. ಬೇಸಿಗೆ ಎಂದು ಅವರು ಕರೆಯುತ್ತಿದ್ದ ಆ ಚಳಿಯಲ್ಲಿ ನನ್ನ ಪೀಣ್ಯದ ಸ್ವೆಟರ್ ಯಾವ ಮೂಲೆಗೂ ಸಾಲಲಿಲ್ಲ.

ನಾನು ಉಳಿದುಕೊಂಡದ್ದು ಮಿಸೆಸ್ ಹೋಲ್ಟ್ ಎಂಬ ವಿಧವೆಯ ಮನೆಯ ಮಹಡಿ ಕೋಣೆಯಲ್ಲಿ. ಮಾಂಸ ತಿನ್ನುವುದಿಲ್ಲ ಎಂದಾಗ ಆಕೆ ನನ್ನನ್ನು ಕಾಯಿಲೆಯವಳನ್ನು ನೋಡುವಂತೆ ನೋಡಿದರು. ಯಾವ ಡಾಕ್ಟರು ಹೇಳಿದ್ದು ಎಂದು ಕೇಳಿದರು. ಅಂದಿನಿಂದ ಬೇಯಿಸಿದ ಆಲೂಗೆಡ್ಡೆ, ಬೇಯಿಸಿದ ಕೋಸು, ಮರುದಿನ ಬದಲಾವಣೆಗೆಂದು ಬೇಯಿಸಿದ ಕೋಸು, ಬೇಯಿಸಿದ ಆಲೂಗೆಡ್ಡೆ. ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಇಲ್ಲದಿದ್ದರೆ ನಾನು ಮೊದಲ ವಾರವೇ ಊರಿಗೆ ಓಡಿಬರುತ್ತಿದ್ದೆ. ಒಂದು ದಿನ ಮಿಸೆಸ್ ಹೋಲ್ಟ್ ಕುತೂಹಲ ತಡೆಯಲಾರದೆ ಒಂದು ಚಮಚ ಚಟ್ನಿಪುಡಿ ಬಾಯಿಗೆ ಹಾಕಿಕೊಂಡರು. ಮುಖ ಕೆಂಪೇರಿ, ಕಣ್ಣಲ್ಲಿ ನೀರು ಬಂದು, ಹೂಜಿಯ ನೀರೆಲ್ಲ ಖಾಲಿಯಾಯಿತು. ಇನ್ನು ಇವರ ಮನೆಯಿಂದ ಗೇಟ್‌ಪಾಸ್ ಎಂದುಕೊಂಡೆ. ಮರುದಿನ ಊಟಕ್ಕೆ ಕೂತಾಗ ತಮ್ಮ ತಟ್ಟೆಯನ್ನೂ ನನ್ನ ಡಬ್ಬಿಯ ಕಡೆ ಸರಿಸಿದರು.

ಬಸ್ಸಿನದು ಇನ್ನೊಂದು ಕತೆ. ನಿಲ್ದಾಣದಲ್ಲಿ ಒಬ್ಬನೇ ಇದ್ದರೂ ಸಾಲಿನಲ್ಲಿ ನಿಂತವನಂತೆ ನೆಟ್ಟಗೆ ನಿಂತಿರುತ್ತಾನೆ. ಒಳಗೆ ಯಾರೂ ಯಾರೊಂದಿಗೂ ಮಾತಾಡುವುದಿಲ್ಲ. ನಮ್ಮ ಪೀಣ್ಯದ ಬಸ್ಸಿನಲ್ಲಾದರೆ ಇಳಿಯುವಷ್ಟರಲ್ಲಿ ಪಕ್ಕದವರ ಮಗಳಿಗೆ ಗಂಡು ಗೊತ್ತಾಗಿರುತ್ತದೆ. ಮೊದಲ ದಿನ ಟಿಕೆಟ್ ಕೊಡುತ್ತಾ ಡ್ರೈವರ್ ನನ್ನನ್ನು "ಲವ್" ಎಂದು ಕರೆದ. ಮೈಯೆಲ್ಲ ಉರಿದುಹೋಯಿತು. ಕಣ್ಣು ಕೆಕ್ಕರಿಸಿ ನೋಡಿದೆ. ನನ್ನ ಹಿಂದಿದ್ದ ಹಲ್ಲಿಲ್ಲದ ಅಜ್ಜನನ್ನೂ ಅವನು ಹಾಗೇ ಕರೆದಾಗ ಗೊತ್ತಾಯಿತು, ನಾವು ಅಕ್ಕ, ಅಣ್ಣ ಅನ್ನುವಂತೆ ಅದು ಆ ಊರಿನವರ ವಾಡಿಕೆ ಎಂದು. ವಾಪಸ್ ಬರುವಷ್ಟರಲ್ಲಿ ಯಾವನಾದರೂ ಡ್ರೈವರ್ ಹಾಗೆ ಕರೆಯದಿದ್ದರೆ ನನಗೇ ಏನೋ ಕಮ್ಮಿಯಾದಂತೆ ಅನ್ನಿಸುತ್ತಿತ್ತು.

ಶೂ ಕಳೆದ ದಿನ

ತರಬೇತಿ ಶಾಲೆಯ ಕಂಪ್ಯೂಟರ್ ಕೋಣೆಗೆ ಮೊದಲ ಸಲ ಹೋದಾಗ ನಾನು ಹಿಂದುಮುಂದು ನೋಡದೆ ಬಾಗಿಲ ಹೊರಗೆ ಶೂ ಬಿಚ್ಚಿಟ್ಟೆ. ಕ್ಯಾನ್‌ವಾಸಿನ ಹೊಸ ಶೂ. ಸೀರೆಯ ಕೆಳಗೆ ಕಾಲುಚೀಲದಲ್ಲಿ ಒಳಗೆ ಹೋಗಿ ಕೂತೆ. ಉಳಿದವರೆಲ್ಲ ಮಳೆಯಲ್ಲಿ ನೆಂದ ಬೂಟು ಹಾಕಿಕೊಂಡೇ ಧಡಧಡ ಒಳಗೆ ಬಂದರು. ಎಂಥ ಅನಾಗರಿಕರಪ್ಪ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಪಾಠ ಮುಗಿಸಿ ಹೊರಗೆ ಬಂದರೆ ಶೂ ಇಲ್ಲ.

ನಮ್ಮಲ್ಲಿ ದೇವಸ್ಥಾನದ ಮುಂದೆ ಚಪ್ಪಲಿ ಹೋಗುವುದು ಗೊತ್ತು. ಇಲ್ಲೂ ಕಳ್ಳರಿದ್ದಾರಲ್ಲ ಎಂದು ಒಂಥರಾ ಸಮಾಧಾನವೂ ಆಯಿತು, ಬರಿಗಾಲಲ್ಲಿ ಬಸ್ಸು ಹತ್ತುವುದು ಹೇಗೆಂದು ಅಳುವೂ ಬಂತು. ಯಾರನ್ನು ಕೇಳುವುದು? ಗಂಡಸರೇ ತುಂಬಿದ್ದ ಆ ಓಣಿಯಲ್ಲಿ ಕಾಲುಚೀಲ ಸೀರೆಯ ನೆರಿಗೆಯಿಂದ ಮುಚ್ಚಿಕೊಳ್ಳುವುದು ಹೇಗೆಂದು ಯೋಚಿಸುತ್ತಾ ನಿಂತಿದ್ದಾಗ, ನೆರೆಗೂದಲಿನ ಎತ್ತರದ ಹೆಂಗಸೊಬ್ಬಳು ನನ್ನ ಶೂಗಳನ್ನು ಲೇಸು ಹಿಡಿದು ತೂಗಾಡಿಸುತ್ತಾ ಬಂದಳು. ಯಾರೋ ಮರೆತು ಹೋಗಿದ್ದಾರೆಂದು ಕಸ ಗುಡಿಸುವವನು ಅವನ್ನು ಗೇಟಿನ ಕಾವಲುಗಾರನಿಗೆ ಒಪ್ಪಿಸಿಬಿಟ್ಟಿದ್ದನಂತೆ.

ಅವಳ ಹೆಸರು ಐಲೀನ್. ಅದೇ ಶಾಲೆಯಲ್ಲಿ ಪ್ರೋಗ್ರಾಮರ್. ಅವಳ ಇಂಗ್ಲಿಷನ್ನು ನನಗೆ ಕೇಳಿಸಿದ ಕನ್ನಡದಲ್ಲೇ ಹೇಳುತ್ತೇನೆ.

"ಶೂ ಯಾಕೆ ಬಿಚ್ಚಿದೆ?"

"ನಮ್ಮಲ್ಲಿ ಎಲ್ಲರೂ ಬಿಚ್ಚುತ್ತಾರೆ, ಮೇಡಂ."

"ಮ್ಯಾನೇಜರೂ?"

"ಅವರೂ."

"ಮ್ಯಾನೇಜರನ್ನು ಬರಿಗಾಲಲ್ಲಿ ನಿಲ್ಲಿಸುವ ದೇಶ! ನಾನು ಬಂದುಬಿಡುತ್ತೇನೆ," ಎಂದು ಅವಳು ಓಣಿ ತುಂಬ ನಕ್ಕಳು. ಮೇಡಂ ಎಂದು ಮಾತ್ರ ಕರೆಯಬೇಡವೆಂದು ತಾಕೀತು ಮಾಡಿದಳು.

ಆಮೇಲೆ ಊಟದ ಹೊತ್ತಿನಲ್ಲಿ ಅವಳ ಜೊತೆ ಕೂರತೊಡಗಿದೆ. ಅಲ್ಲೇನೂ ಸ್ವರ್ಗ ಇಳಿದಿರಲಿಲ್ಲ. ಐಲೀನ್ ಕೆಲಸ ಹೇಳಿಕೊಟ್ಟ ಹುಡುಗರೇ ಈಗ ಅವಳ ಮೇಲಧಿಕಾರಿಗಳಾಗಿದ್ದರು. ಹೆರಿಗೆಗೆಂದು ಕೆಲಸ ಬಿಟ್ಟ ಅವಳ ಗೆಳತಿಯರು ವಾಪಸ್ ಬರಲು ಒದ್ದಾಡುತ್ತಿದ್ದರು. ನಾನು ನಮ್ಮ ಪಂಚಿಂಗ್ ರೂಮಿನ ಕತೆ ಹೇಳಿದೆ. ಎಲ್ಲ ಕೇಳಿ ಅವಳು, "ಗುರುವಾರ ನನ್ನ ಜೊತೆ ಬಾ," ಎಂದಳು. ಊರಿನ ಕಂಪ್ಯೂಟರ್ ಹೆಂಗಸರೆಲ್ಲ ತಿಂಗಳಿಗೊಮ್ಮೆ ಸೇರುತ್ತಾರಂತೆ.

ಪಬ್ಬಿನ ಮಹಡಿ

ಸೇರುವ ಜಾಗ ಪಬ್ಬು ಎಂದು ಅವಳು ಮೊದಲೇ ಹೇಳಿರಲಿಲ್ಲ. ಬಾಗಿಲಲ್ಲೇ ನಿಂತುಬಿಟ್ಟೆ. ನಮ್ಮ ಮನೆಯಿದ್ದ ಬಾಗಲಗುಂಟೆಯವರು ಒಬ್ಬರು ನೋಡಿದರೂ ನಮ್ಮಮ್ಮ ತಲೆಯೆತ್ತಿ ತಿರುಗುವ ಹಾಗಿಲ್ಲ. "ನಾನು ಹೊರಗೇ ನಿಂತಿರುತ್ತೇನೆ," ಎಂದೆ.

"ಮಹಡಿಯ ಕೋಣೆ ಬಿಟ್ಟಿಯಾಗಿ ಸಿಗುತ್ತದೆ, ಅದಕ್ಕೇ ಇಲ್ಲಿ. ನೀನು ಕಿತ್ತಳೆ ರಸ ಕುಡಿ. ನಿನ್ನ ಹುಡುಗಿಯರಿಗೆ ದಾರಿ ಬೇಕು ಅಂದಿದ್ದೆಯಲ್ಲ? ಅದು ಮೆಟ್ಟಿಲ ಮೇಲಿದೆ."

ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಯಾರ ಲೋಟವನ್ನೂ ನೋಡದೆ ದಡದಡನೆ ಮೆಟ್ಟಿಲು ಹತ್ತಿದೆ.

ಮೇಲೆ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಬ್ಯಾಂಕಿನವರು, ಗಿರಣಿಯವರು, ಪುರಸಭೆಯವರು, ಮಡಿಲಲ್ಲಿ ಮಗು ಮಲಗಿಸಿಕೊಂಡವಳೊಬ್ಬಳು. ಮಾತು ಶುರುವಾಗುವ ಮುಂಚೆ ಐಲೀನ್ ಅವರ ನಿಯಮ ಹೇಳಿದಳು. ಯಾರೂ ತಮ್ಮ ಬಗ್ಗೆ ತಾವೇ ಹೇಳುವಂತಿಲ್ಲ. ಮೊದಲು ಪಕ್ಕದವಳನ್ನು ವಿಚಾರಿಸಿಕೊಳ್ಳಬೇಕು, ಆಮೇಲೆ ಎದ್ದು ನಿಂತು ಅವಳ ಬಗ್ಗೆ ಹೇಳಬೇಕು. ಅವಳಿಗೆ ಏನು ಗೊತ್ತು, ಏನು ಬೇಕು, ಎರಡೂ.

"ಇದ್ಯಾಕೆ ಹೀಗೆ?" ಎಂದೆ.

"ಮೊದಲು ಅವರವರೇ ಹೇಳಿಕೊಳ್ಳುತ್ತಿದ್ದರು. ಎದ್ದವರೆಲ್ಲ ನಾನು ಬರೀ ಆಪರೇಟರ್, ನಾನು ಬರೀ ಸಹಾಯಕಿ ಎನ್ನುವುದು, ಕೂರುವುದು. ಆ ಬರೀ ಕೇಳಿ ಕೇಳಿ ಸಾಕಾಗಿಹೋಯಿತು."

ಬರೀ ಪಂಚಿಂಗ್. ಸಮುದ್ರದಾಚೆಯ ಈ ಬಿಳಿ ಹೆಂಗಸರೂ ನಮ್ಮ ನಾಗರತ್ನಮ್ಮನ ಮಾತನ್ನೇ ಆಡಿಕೊಂಡಿದ್ದರು!

ಐಲೀನ್ ನನ್ನ ಕಡೆ ತಿರುಗಿ ವಿಚಾರಣೆ ಶುರು ಮಾಡಿದಳು. ನಮ್ಮ ಕಾರ್ಖಾನೆಯಲ್ಲಿ ಕಂಪ್ಯೂಟರ್ ಏನು ಮಾಡುತ್ತದೆ? ಎಲ್ಲರ ಸಂಬಳ ಲೆಕ್ಕ ಹಾಕುತ್ತದೆ. ಆ ಪ್ರೋಗ್ರಾಮ್ ಬರೆದವರು ಯಾರು?

"ನಮ್ಮ ಸಾರ್," ಎಂದೆ. ಸುಳ್ಳು ಹೇಳಬೇಕೆಂದೇನೂ ಇರಲಿಲ್ಲ. ನಮ್ಮ ಕಡೆ ಹಾಗೇ ಹೇಳುವುದು. ಸಂಬಳ ಕಂಪ್ಯೂಟರಿಗೆ ಬಂದ ವರ್ಷ ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ ಶೇಷಾದ್ರಿ ಸಾರ್‌ಗೆ ಶಾಲು ಹೊದಿಸಿದ್ದರು. ನಾನೂ ಹಿಂದಿನ ಸಾಲಿನಲ್ಲಿ ಕೂತು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ್ದೆ.

"ಓವರ್‌ಟೈಮ್ ಲೆಕ್ಕದ ಭಾಗ ಯಾರು ಬರೆದದ್ದು?"

"ಅದು... ನಾನು."

"ಕಡಿತಗಳು?"

"ಅದೂ ನಾನೇ."

"ತಪ್ಪು ಬಂದರೆ ಯಾರು ಸರಿಮಾಡುತ್ತಾರೆ?"

"ನಾನೇ."

"ಹಾಗಾದರೆ ನಿಮ್ಮ ಸಾರ್ ಏನು ಮಾಡಿದರು?"

ಸ್ವಲ್ಪ ಯೋಚಿಸಿ ನೋಡಿದೆ. "ಸಹಿ ಹಾಕಿದರು."

ಐಲೀನ್ ನಗಲಿಲ್ಲ. ತಪ್ಪುಗಳ ಬಗ್ಗೆ ಕೆದಕಿದಳು. ರಾತ್ರಿ ಪಾಳಿಯ ಕತೆ ಹೇಳಿದೆ. ರಾತ್ರಿ ಒಳಗೆ ಬಂದು ಮರುದಿನ ಬೆಳಗ್ಗೆ ಹೊರಗೆ ಹೋದವನನ್ನು, ಬರುವ ಮುಂಚೆಯೇ ಹೊರಟುಹೋದವನೆಂದು ನಮ್ಮ ಕಂಪ್ಯೂಟರ್ ತಿಳಿದು, ಅವನೇ ಕಾರ್ಖಾನೆಗೆ ಸಂಬಳ ಕೊಡಬೇಕೆಂದು ಚೀಟಿ ಹೊರಡಿಸಿತ್ತು. ರಾತ್ರಿ ಪಾಳಿಯವರೆಲ್ಲ ಕಂಪ್ಯೂಟರ್ ಕೋಣೆಯ ಮುಂದೆ ಬಂದು ನಿಂತಿದ್ದರು. ಎರಡು ದಿನ ಕೂತು ಅದನ್ನು ಸರಿಮಾಡಿದ್ದೆ.

ನಮ್ಮ ಸರದಿ ಬಂತು. ಐಲೀನ್ ಎದ್ದು ನಿಂತಳು. "ಇವಳು ಗಿರಿಜಾ. ಇಂಡಿಯಾದ ಒಂದು ಕಾರ್ಖಾನೆಯ ಅಷ್ಟೂ ಜನರ ಸಂಬಳದ ಪ್ರೋಗ್ರಾಮ್ ಬರೆದವಳು. ಒಬ್ಬಳೇ ಬರೆದವಳು. ಇವಳ ಊರಿನಲ್ಲಿ ಕೆಲವು ಹುಡುಗಿಯರ ಕೆಲಸ ಹೋಗುವುದರಲ್ಲಿದೆ, ಅವರಿಗೆ ದಾರಿ ಬೇಕಂತೆ."

ನಾನು ಮಾಡಿದ ಕೆಲಸ ಇನ್ನೊಬ್ಬಳ ಬಾಯಿಂದ ಬಂದಾಗ ಅದು ಬೇರೆ ಯಾರದೋ ದೊಡ್ಡ ಕೆಲಸದಂತೆ ಕೇಳಿಸಿತು. ತಲೆ ತಗ್ಗಿಸಿ ಕಿತ್ತಳೆ ರಸ ನೋಡುತ್ತಾ ಕೂತೆ. ಚಪ್ಪಾಳೆ ಬೀಳಲಿಲ್ಲ. ಅದಕ್ಕಿಂತ ಹೆಚ್ಚಿನದೇ ಆಯಿತು. ಗಿರಣಿಯ ಹೆಂಗಸೊಬ್ಬಳು ಮುಂದಕ್ಕೆ ಬಾಗಿ, "ರಾತ್ರಿ ಪಾಳಿಯನ್ನು ಹೇಗೆ ನಿಭಾಯಿಸಿದೆ? ನಮ್ಮ ಗಿರಣಿಯಲ್ಲೂ ಅದೇ ಗೋಳು," ಎಂದಳು. ನನ್ನ ಕೆಲಸದ ಬಗ್ಗೆ ಯಾರೂ ಅದುವರೆಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ಹೇಳುತ್ತಾ ಹೋದೆ. ಅವಳು ತಲೆಯಾಡಿಸುತ್ತಾ ಕೇಳಿದಳು. ಅಳು ಬರುವಷ್ಟು ಸಂತೋಷವಾಯಿತು, ಅದನ್ನು ಮುಚ್ಚಿಡುವುದೇಕೆ?

ಮಗುವಿದ್ದವಳ ಬಗ್ಗೆ ಪಕ್ಕದವಳು ಹೇಳಿದಳು: ಕೆಲಸ ಬಿಟ್ಟು ಬಹಳ ದಿನವಾಯಿತು, ಅರ್ಧ ದಿನದ ಕೆಲಸ ಸಿಕ್ಕರೆ ಬರುತ್ತಾಳೆ, ಕೈ ಚುರುಕು. ಎದುರಿನ ಕುರ್ಚಿಯವಳು, "ಸೋಮವಾರ ನಮ್ಮ ಬ್ಯಾಂಕಿಗೆ ಬಾ, ನಾನು ಮಾತಾಡಿರುತ್ತೇನೆ," ಎಂದಳು. ಅಷ್ಟೇ. ಮಗು ಎಚ್ಚರವೂ ಆಗಲಿಲ್ಲ, ಅಷ್ಟರಲ್ಲಿ ಅದರ ತಾಯಿಗೆ ಒಂದು ಬಾಗಿಲು ತೆರೆದಿತ್ತು.

ನಮ್ಮೂರಿನಲ್ಲಿ ಎಲ್ಲಿ ಕೆಲಸ ಖಾಲಿ ಇದೆಯೆಂಬ ಸುದ್ದಿ ಗೇಟಿನ ಮುಂದಿನ ಟೀ ಅಂಗಡಿಯಲ್ಲಿ ಹುಟ್ಟಿ, ಅಲ್ಲೇ ನಿಂತು ಸಿಗರೇಟು ಸೇದುವವರ ತಮ್ಮಂದಿರಿಗೆ, ಭಾವಮೈದುನರಿಗೆ ತಲುಪುತ್ತದೆ. ಹೆಂಗಸರು ಸೇರುವುದು ಅರಿಶಿನ ಕುಂಕುಮಕ್ಕೆ. ಅಲ್ಲಿ ರವಿಕೆ ಹೊಲಿಯುವವನ ವಿಳಾಸ ಸಿಗುತ್ತದೆ, ಗ್ಯಾಸ್ ಸಂಪರ್ಕಕ್ಕೆ ಯಾರನ್ನು ಹಿಡಿಯಬೇಕೆಂದು ತಿಳಿಯುತ್ತದೆ, ತಂಗಿಗೆ ಗಂಡೂ ಸಿಗುತ್ತದೆ. ಇಷ್ಟೆಲ್ಲ ಸಿಗುವ ಕಡೆ ಕೆಲಸವೊಂದು ಯಾಕೆ ಸಿಗಬಾರದು? ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ತಲೆಯ ತುಂಬ ಅದೇ. ಹೊಸ ಯಂತ್ರದ ಪಾಠವನ್ನು ಚೆನ್ನಾಗಿಯೇ ಕಲಿತೆ. ಆದರೆ ನಾನು ಹುಡುಕಿ ಬಂದದ್ದು ಸಿಕ್ಕಿದ್ದು ಆ ಪಬ್ಬಿನ ಮಹಡಿಯಲ್ಲಿ. ಅಮ್ಮನಿಗೆ ಮಾತ್ರ ಗ್ರಂಥಾಲಯ ಎಂದು ಹೇಳಿದೆ.

ಬಾಗಲಗುಂಟೆ, ವರಮಹಾಲಕ್ಷ್ಮಿ ಹಬ್ಬ

ಊರಿಗೆ ಬಂದ ಕೆಲವೇ ದಿನಕ್ಕೆ ಹಬ್ಬ ಬಂತು. ಪಂಚಿಂಗ್ ರೂಮಿನವರನ್ನೆಲ್ಲ ಬಾಗಲಗುಂಟೆಯ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಕರೆದೆ. ಕೋಸಂಬರಿ ಹಂಚಿದ ಮೇಲೆ ಬಾಗಿಲು ಮುಂದೆ ಮಾಡಿ, ಚಾಪೆಯ ಮೇಲೆ ದುಂಡಗೆ ಕೂರಿಸಿ, ಐಲೀನಳ ನಿಯಮ ಹೇಳಿದೆ. ಅಮ್ಮ ಒಳಗಿಂದ, "ಹಬ್ಬದ ದಿನಾನೂ ಆಫೀಸ್ ಕತೆ ಏನೇ ನಿಂದು?" ಎಂದು ಗೊಣಗಿದಳು.

ನಾಗರತ್ನಮ್ಮ ಒಪ್ಪಲಿಲ್ಲ. "ನಮ್ಮನ್ನ ನಾವೇ ಒಗಳ್ಕೊಳಕ್ಕಾಯ್ತದಾ ಗಿರಿಜಮ್ಮ? ಕೇಳ್ದೋರು ನಗಾಕಿಲ್ವಾ?"

"ನಿಮ್ಮನ್ನ ನೀವು ಹೊಗಳ್ಕೋಬೇಡಿ. ಪಕ್ಕದವಳಿಗೆ ಏನು ಗೊತ್ತು ಅಂತ ಹೇಳಿ ಸಾಕು."

ಪಕ್ಕದವಳ ಬಗ್ಗೆ ಹೇಳು ಅಂದರೆ ನಮ್ಮವರಿಗೆ ಹೇಳಿಕೊಡಬೇಕೆ! ಮೊದಲ ಸುತ್ತಿನಲ್ಲಿ ಅತ್ತೆ, ನಾದಿನಿ, ಹೊಸ ಸೀರೆ ಎಲ್ಲ ಬಂದುಹೋದವು. ನಾನು ಬಿಡಲಿಲ್ಲ. ಎರಡನೇ ಸುತ್ತಿಗೆ ಕೆಲಸದ ಮಾತು ಶುರುವಾಯಿತು. ಲಗ್ಗೆರೆಯಿಂದ ಬರುತ್ತಿದ್ದ ಚಿಕ್ಕ ಹುಡುಗಿಯ ಬಗ್ಗೆ ಅವಳ ಜೊತೆಗಾತಿ, "ಇವ್ಳು ಸ್ಟೋರ್ಸ್ ಕಾರ್ಡ್ ಹೊಡೀತಾ ಹೊಡೀತಾನೇ ಯಾವ ಸಾಮಾನು ಮುಗೀತಾ ಬಂತು ಅಂತ ಹೇಳ್ಬಿಡ್ತಾಳೆ ಕಣ್ರೀ. ತಾನೇ ಒಂದು ಲೆಕ್ಕ ಮಾಡ್ಕೊಂಡಿದಾಳೆ," ಎಂದಳು. ಆ ಹುಡುಗಿ ನಾಚಿ ಮುಖ ಮುಚ್ಚಿಕೊಂಡಳು, ಆದರೆ ಇಲ್ಲವೆನ್ನಲಿಲ್ಲ. ವರ್ಷಗಟ್ಟಲೆ ಒಬ್ಬರ ಕೆಲಸವನ್ನು ಒಬ್ಬರು ವೆರಿಫೈ ಮಾಡಿದವರು. ಒಬ್ಬೊಬ್ಬರಿಗೂ ಇನ್ನೊಬ್ಬಳ ಕೈ, ತಲೆ ಎರಡೂ ಗೊತ್ತಿತ್ತು. ಕೇಳುವವರು ಇರಲಿಲ್ಲ, ಅಷ್ಟೇ.

ಸೋಮವಾರ ಶೇಷಾದ್ರಿ ಸಾರ್ ಮುಂದೆ ಹೋಗಿ ನಿಂತೆ. ಇಂಟರ್‌ವ್ಯೂಗೆ ಇಬ್ಬಿಬ್ಬರಾಗಿ ಬರುತ್ತಾರೆ, ಒಬ್ಬರ ಬಗ್ಗೆ ಇನ್ನೊಬ್ಬರು ಹೇಳುತ್ತಾರೆ ಎಂದೆ.

"ಜೋಡಿಯಾಗಿ ಬರಕ್ಕೆ ಇದೇನ್ರೀ, ಸತ್ಯನಾರಾಯಣ ಪೂಜೆನಾ?"

"ಸಾರ್, ಪಕ್ಕದವಳು ವೆರಿಫೈ ಮಾಡದೆ ನೀವು ಒಂದು ಕಾರ್ಡೂ ತಗೊಳ್ಳಲ್ಲ. ಕಾರ್ಡು ಹೊಡೆಯೋರನ್ನ ಮಾತ್ರ ಒಬ್ಬೊಬ್ಬರನ್ನೇ ಕರೆದು, ಅವರಂದಿದ್ದೇ ನಿಜ ಅಂದ್ಕೊಂಡ್ಬಿಟ್ರಿ."

ಸಾರ್ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಬುಧವಾರ ಕರೀರಿ," ಎಂದರು.

ಪೀಣ್ಯ, ಮೇಜಿನ ಆ ಕಡೆ

ಬುಧವಾರ ನಾನು ಸಾರ್ ಪಕ್ಕದಲ್ಲಿ, ಕೇಳುವವರ ಕಡೆ ಕೂತಿದ್ದೆ. ಮೊದಲ ಜೋಡಿ ತಡವರಿಸಿತು. ಎರಡನೆಯದು ಪರವಾಗಿಲ್ಲ ಅನ್ನಿಸಿತು. ಲಗ್ಗೆರೆಯ ಹುಡುಗಿಯ ಸ್ಟೋರ್ಸ್ ಲೆಕ್ಕ ಕೇಳಿ ಸಾರ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದರು.

ಕೊನೆಗೆ ಉಳಿದವರು ನಾಗರತ್ನಮ್ಮ. ಚಿಕ್ಕವರೆಲ್ಲ ತಮ್ಮತಮ್ಮಲ್ಲೇ ಜೋಡಿಯಾಗಿ, ಹಿರಿಯಳಿಗೇ ಜೊತೆಯಿಲ್ಲದೆ ಹೋಗಿತ್ತು. ಬಾಗಿಲಲ್ಲೇ ನಿಂತು, "ನಂಗ್ಯಾರೂ ಇಲ್ಲ ಸಾರ್. ನನ್ ಇಸ್ಯ ಬುಡಿ. ಪ್ಯಾಕಿಂಗೇ ಆಗ್ಲಿ," ಎಂದರು.

ನಾನು ಎದ್ದು ನನ್ನ ಕುರ್ಚಿ ಎತ್ತಿಕೊಂಡು ಮೇಜಿನ ಆ ಕಡೆಗೆ ಹೋಗಿ ಇಟ್ಟೆ. ನಾಗರತ್ನಮ್ಮನನ್ನು ಕೂರಿಸಿ ಪಕ್ಕದಲ್ಲಿ ಕೂತೆ.

"ಏನ್ರೀ ಇದು ಗಿರಿಜಾ?"

"ಇವರ ಜೋಡಿ ನಾನು ಸಾರ್. ನನಗೆ ಕೆಲಸ ಕಲಿಸಿದೋರು ಇವರು, ಪಂಚಿಂಗ್ ರೂಮಿನಲ್ಲಿ ಎಲ್ಲರಿಗೂ ಕಲಿಸಿದೋರು. ನನ್ನ ಪ್ರೋಗ್ರಾಮುಗಳ ಕಾರ್ಡು ಹೊಡೀತಾ ಹೊಡೀತಾ ಅದನ್ನ ಓದೋದನ್ನೂ ಕಲ್ತಿದಾರೆ. ಎಲ್ಲಾದ್ರೂ ನಾನು ಒಂದು ಫುಲ್‌ಸ್ಟಾಪ್ ಹಾಕದೆ ಬಿಟ್ಟಿದ್ರೂ, ಕಾರ್ಡು ಕಂಪ್ಯೂಟರಿಗೆ ಹೋಗೋ ಮುಂಚೆನೇ ಬಂದು ಕೇಳ್ತಾರೆ. ಟ್ರೈನಿಗಳನ್ನ ತಗೊಂಡ್ರೆ ಅವರಿಗೆ ಕಲಿಸೋರು ಬೇಕಲ್ಲ ಸಾರ್?"

ಸಾರ್ ಬರೆದುಕೊಂಡು, ಸಾಕೆಂಬಂತೆ ಕಾಗದ ಮಡಿಸತೊಡಗಿದರು. ಆಗ ನಾಗರತ್ನಮ್ಮ ಗಂಟಲು ಸರಿಮಾಡಿಕೊಂಡರು.

"ಇನ್ನಾ ಮುಗ್ದಿಲ್ಲ ಸಾರ್. ಇವ್ರ ಇಸ್ಯ ನಾನೇಳ್ಬೇಕಲ್ಲ. ಅದೇ ಅಲ್ವಾ ರೂಲ್ಸು?"

ನಾನು ಅವರ ಕೈ ಹಿಡಿದು ಅದುಮಿದೆ. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ನಾಗರತ್ನಮ್ಮ ಕೈ ಬಿಡಿಸಿಕೊಂಡರು.

"ಸಂಬಳದ ಪ್ರೋಗ್ರಾಮು ಬರ್ದಿದ್ದು ಇವ್ರು ಸಾರ್. ಇವ್ರೊಬ್ರೇ. ಒಂದೊಂದು ಕಾರ್ಡೂ ನಾನೇ ಒಡ್ದಿದ್ದು, ನಂಗೊತ್ತು. ರಾತ್ರಿ ಪಾಳಿಯೋರು ಬಂದು ಬಾಗ್ಲಲ್ಲಿ ನಿಂತಾಗ ಊಟ ಬುಟ್ಟು ಕುಂತು ಸರಿ ಮಾಡಿದ್ದೂ ಇವ್ರೇ. ಶಾಲು ನಿಮ್ಗೊದ್ಸಿದ್ರು. ಅದ್ಕೇನಿಲ್ಲ, ನೀವು ದೊಡ್ಡೋರು. ಆದ್ರೆ ನೀವು ಇಂಗೆ ಕೇಳ್ತಾ ಇದ್ದೀರಾ ಅಂದ್ಮ್ಯಾಕೆ ಏಳ್ದೆ ಇರಕ್ಕಾಯ್ತದಾ?"

ಇವತ್ತಿಗೆ ನನ್ನದೂ ಪ್ಯಾಕಿಂಗ್ ಸೆಕ್ಷನ್ನೇ ಎಂದುಕೊಂಡೆ. ಆದರೂ ತಲೆ ತಗ್ಗಿಸಲಿಲ್ಲ. ಪಬ್ಬಿನ ಮಹಡಿಯಲ್ಲಿ ಒಮ್ಮೆ ತಗ್ಗಿಸಿದ್ದೇ ಸಾಕಾಗಿತ್ತು.

ಶೇಷಾದ್ರಿ ಸಾರ್ ನಾಗರತ್ನಮ್ಮನ ಕಡೆ ತಿರುಗಿದರು. "ಇದನ್ನ ಮುಂಚೆನೇ ಯಾಕಮ್ಮ ಹೇಳ್ಲಿಲ್ಲ?"

"ಅವತ್ತು ನನ್ ಇಸ್ಯ ಕೇಳಿದ್ರಿ ಸಾರ್. ಇವ್ರ ಇಸ್ಯ ಯಾರೂ ಕೇಳ್ಲೇ ಇಲ್ವಲ್ಲ."

ಸಾರ್ ಮಡಿಸಿದ್ದ ಕಾಗದವನ್ನು ಮತ್ತೆ ಬಿಡಿಸಿ ಅದರಲ್ಲಿ ಇನ್ನೇನೋ ಬರೆದರು. ಕ್ಷಮೆ ಕೇಳಲಿಲ್ಲ, ನಾನೂ ಅದನ್ನು ಕಾಯಲಿಲ್ಲ. ಆ ವರ್ಷದ ವಾರ್ಷಿಕೋತ್ಸವದಲ್ಲಿ ಹೊಸ ಕಂಪ್ಯೂಟರಿನ ಬಗ್ಗೆ ಮಾತಾಡಲು ಅವರು ಮೈಕಿನ ಮುಂದೆ ನಿಂತು ಮೊದಲು ನನ್ನ ಹೆಸರನ್ನೇ ಕರೆದರು.

ಎಲ್ಲರಿಗೂ ಪ್ರೋಗ್ರಾಮರ್ ಕೆಲಸ ಸಿಕ್ಕಿತು ಎಂದರೆ ಸುಳ್ಳಾಗುತ್ತದೆ. ಮೊದಲ ಜೋಡಿಯಲ್ಲಿ ಒಬ್ಬಳು ಪ್ಯಾಕಿಂಗಿಗೆ ಹೋದಳು. ಇನ್ನೊಬ್ಬಳು ಮದುವೆಯಾಗಿ ಊರು ಬಿಟ್ಟಳು. ಉಳಿದವರು ನಾಗರತ್ನಮ್ಮನ ಹಿಂದೆ ಕಂಪ್ಯೂಟರ್ ಕೋಣೆಗೆ ಬಂದರು, ಸ್ವೆಟರ್ ಹಾಕಿಕೊಂಡು. ಕ್ಯಾಂಟೀನಿನವರಿಗೆ ಕಾಲೆಳೆಯಲು ಈಗ ಒಂದು ದಂಡೇ ಸಿಕ್ಕಿತು.

ಅವರು ಸೇರಿದ ಮೊದಲ ದಿನ ಶೇಷಾದ್ರಿ ಸಾರ್ ಬಾಗಿಲ ಹೊರಗೆ ನಿಂತು ಆಚೆ ಈಚೆ ನೋಡುತ್ತಿದ್ದುದು ಗಾಜಿನಿಂದ ಕಾಣಿಸಿತು. ಅವರು ದಿನವೂ ಬೂಟು ಬಿಡುತ್ತಿದ್ದ ಜಾಗದಲ್ಲಿ ನಾಗರತ್ನಮ್ಮನ ಹವಾಯಿ ಚಪ್ಪಲಿ ಇತ್ತು. ಅದರಾಚೆ ಲಗ್ಗೆರೆಯ ಹುಡುಗಿಯದು, ಅದರಾಚೆ ಇನ್ನೊಬ್ಬಳದು, ಗೋಡೆಯುದ್ದಕ್ಕೂ.

"ಏನ್ರೀ ಇದು, ಕಲ್ಯಾಣಮಂಟಪ ಆಗೋಯ್ತಲ್ಲ," ಎಂದು ಗೊಣಗಿಕೊಳ್ಳುತ್ತಾ ಸಾರ್ ಸಾಲಿನ ಕೊನೆಯವರೆಗೂ ನಡೆದುಹೋಗಿ ಬೂಟು ಬಿಚ್ಚಿಟ್ಟು ಬಂದರು.